ಹಳೆ ಸೈಕಲ್ಲಿಗೆ ಮನೆಯಲ್ಲೇ ಡೆಕಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜನ ಸೈಕಲ್ಲು, ಮಾವನ ಸೈಕಲ್ಲು, ಗುಜರಿಯಿಂದ ತೂಕಕ್ಕೆ ತಂದ ಸೈಕಲ್ಲು. ಬಣ್ಣ ಹೊಡೆದು ಮುಗಿಸಿದ ಮೇಲೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: ಚೈನ್ ಕವರಿನ ಮೇಲಿದ್ದ ಆ ಹೆಸರನ್ನು ಎಲ್ಲಿಂದ ತರುವುದು? ನಾನು ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಕೆಲವು ವರ್ಷಗಳಿಂದ ಈ ಡೆಕಾಲ್‌ಗಳನ್ನು ಮಾಡಿಕೊಳ್ಳುತ್ತಿದ್ದೇನೆ. ಸರಿಯಾದದ್ದಕ್ಕಿಂತ ಹಾಳು ಮಾಡಿದ್ದೇ ಜಾಸ್ತಿ. ಹಾಳಾದದ್ದರಲ್ಲಿ ಹೆಚ್ಚಿನವು ಪ್ರಿಂಟರಿನಿಂದ ಹಾಳಾಗಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿರುವ ನೀರಿನಿಂದ, ಮತ್ತು ನನ್ನ ಅವಸರದಿಂದ. ಗೆಳೆಯರು, ಅವರ ಗೆಳೆಯರು, ಭಾನುವಾರ ಬೆಳಿಗ್ಗೆ ಫೋನ್ ಮಾಡುವವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಶುರು ಮಾಡುವ ಮೊದಲು

ಈ ವಾಟರ್‌ಸ್ಲೈಡ್ ಡೆಕಾಲ್ ಅಂದ್ರೆ ಎಂಥದ್ದು ಮಾರಾಯ್ರೆ?

ಮೂರು ಪದರದ ಹಾಳೆ. ಕೆಳಗೆ ಕಾಗದ. ಅದರ ಮೇಲೆ ನೀರಿಗೆ ಕರಗುವ ಅಂಟು. ಅದರ ಮೇಲೆ ನೀರಿಗೆ ಕರಗದ ಒಂದು ತೆಳು ಪೊರೆ. ನಾವು ಪ್ರಿಂಟ್ ತೆಗೆಯುವುದು ಆ ಪೊರೆಯ ಮೇಲೆ. ನೀರಿನಲ್ಲಿ ನೆನೆಸಿದರೆ ನಡುವಿನ ಅಂಟು ಸಡಿಲವಾಗುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ ಪೊರೆ ಜಾರಿ ಬರುತ್ತದೆ. ಅದನ್ನು ಸೈಕಲ್ಲಿನ ಮೇಲೆ ಕೂರಿಸುವುದು. ಅಷ್ಟೇ.

ಹೆಸರು ಬಂದದ್ದು ಫ್ರೆಂಚಿನ 'ಡೆಕಾಲ್ಕೊಮನಿ' ಎಂಬ ಉದ್ದ ಪದದಿಂದ. 19ನೇ ಶತಮಾನದಲ್ಲಿ ಇಂಥ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಕಲ್ಲಚ್ಚು ನಮ್ಮೂರಿಗೆ ಹೊಸದೇನಲ್ಲ. 1843ರಲ್ಲಿ ಬಾಸೆಲ್ ಮಿಷನ್ನಿನವರು 'ಮಂಗಳೂರ ಸಮಾಚಾರ' ಪತ್ರಿಕೆ ತೆಗೆದದ್ದೂ ಕಲ್ಲಚ್ಚಿನಲ್ಲೇ.

ಸುಮ್ನೆ ಸ್ಟಿಕ್ಕರ್ ಕಟ್ ಮಾಡಿಸಿ ಅಂಟಿಸಿದ್ರೆ ಆಗುದಿಲ್ವಾ?

ಆಗುತ್ತದೆ. ದಿನಾ ಓಡಿಸುವ ಸೈಕಲ್ಲಿಗೆ ಸ್ಟಿಕ್ಕರೇ ಒಳ್ಳೆಯದು, ಗಟ್ಟಿ ಬಾಳುತ್ತದೆ. ಆದರೆ ಅದು ದಪ್ಪ. ಉಗುರಿಗೆ ಅಂಚು ಸಿಗುತ್ತದೆ. ಆರು ತಿಂಗಳಲ್ಲಿ ಆ ಅಂಚಿನ ಸುತ್ತ ಧೂಳು ಮತ್ತು ಎಣ್ಣೆಯ ಕಪ್ಪು ಗೆರೆ ಮೂಡುತ್ತದೆ. ಡೆಕಾಲಿನ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ವಾರ್ನಿಶ್, ಹೊಡೆದು ಉಜ್ಜಿದರೆ ಅಂಚು ಕೈಗೆ ಸಿಗುವುದಿಲ್ಲ, ಬಣ್ಣದೊಳಗೇ ಬರೆದಂತೆ ಕಾಣುತ್ತದೆ. ಹಳೇ ಸೈಕಲ್ಲುಗಳ ಮೇಲೆ ಇದ್ದದ್ದು ಆ ನೋಟ.

ಹಳೇ ಡೆಕಾಲ್ ಅರ್ಧ ಉಳಿದಿದೆ. ಕೆರೆದು ತೆಗೀಲಾ?

ದಯವಿಟ್ಟು ಬೇಡ! ಮೊದಲು ಅಳತೆ, ಫೋಟೋ, ಸ್ಕ್ಯಾನ್ ಎಲ್ಲ ಮುಗಿಯಲಿ. ಆಮೇಲೂ ಒಂದು ದಿನ ಯೋಚಿಸಿ. ಅರ್ಧ ಹೋದ ಮೂಲ ಡೆಕಾಲಿಗೆ ಇರುವ ಬೆಲೆ ನಾವು ಮಾಡುವ ಹೊಸದಕ್ಕೆ ಬರುವುದಿಲ್ಲ. ಒದ್ದೆ ಹತ್ತಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೂಲೆಯಲ್ಲಿ ಒರೆಸಿ ನೋಡಿ. ಬಣ್ಣ ಬಿಡದಿದ್ದರೆ ಉಳಿದದ್ದನ್ನೂ ಮೆಲ್ಲ ಒರೆಸಿ. ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ.

ಸಾಮಾನು ಎಂತೆಲ್ಲ ಬೇಕು? ಇಲ್ಲಿ ಸಿಗ್ತದಾ?

ಡೆಕಾಲ್ ಕಾಗದ ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ಅಪರೂಪ. ಆನ್‌ಲೈನಿನಲ್ಲಿ ಎ4 ಹಾಳೆಯ ಕಟ್ಟು ಸಿಗುತ್ತದೆ. ತರಿಸುವಾಗ ಎರಡು ವಿಷಯ ನೋಡಿ: ಪಾರದರ್ಶಕವೋ ಬಿಳಿಯೋ, ಇಂಕ್‌ಜೆಟ್ಟಿಗೋ ಲೇಸರಿಗೋ. ಚಹಾ ಕಪ್ಪು, ಸೆರಾಮಿಕ್‌ಗೆ ಹಾಕಿ ಕುಲುಮೆಯಲ್ಲಿ ಸುಡುವ ಡೆಕಾಲೂ ಇದೇ ಹೆಸರಿನಲ್ಲಿ ಬರುತ್ತದೆ, ಅದು ನಮಗೆ ಬೇಡ.

ಉಳಿದದ್ದೆಲ್ಲ ಊರಲ್ಲೇ ಸಿಗುತ್ತದೆ. ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಡಬ್ಬಿ, ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಮಾಸ್ಕಿಂಗ್ ಟೇಪು, ಮೆತ್ತನೆಯ ಕುಂಚ, ಸಣ್ಣ ಚಿಮಟ, ಹಳೇ ಬನಿಯನ್ನಿನ ತುಂಡು. ಮೆಡಿಕಲ್ಲಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ.

ಕಾಗದವನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇಲ್ಲಿನ ತೇವಕ್ಕೆ ಅದು ಸುರುಳಿಯಾಗುತ್ತದೆ, ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಕಿ ಡಬ್ಬಿಯಲ್ಲಿಟ್ಟರೆ ಆಗ್ತದಾ ಎಂದು ಒಬ್ಬರು ಕೇಳಿದ್ದರು. ನಾನೂ ಇಟ್ಟು ನೋಡಿದ್ದೇನೆ. ಅಕ್ಕಿಯ ಹುಡಿ ಪೊರೆಗೆ ಹಿಡಿದು ಪ್ರಿಂಟಿನ ತುಂಬಾ ಚುಕ್ಕಿ. ಅಮ್ಮನ ಬೈಗುಳ ಬೇರೆ.

## ಅಳತೆ ಮತ್ತು ಅಕ್ಷರ

ಮೊಬೈಲ್ ಫೋಟೋದಿಂದ ಡಿಸೈನ್ ಮಾಡ್ಬಹುದಲ್ವಾ?

ಬಣ್ಣ ನೋಡಿಕೊಳ್ಳಲು ಸಾಕು, ಅಳತೆಗೆ ಸಾಲದು. ಕ್ಯಾಮೆರಾ ಹತ್ತಿರ ಹೋದಷ್ಟೂ ನಡುವಿನ ಅಕ್ಷರ ಉಬ್ಬುತ್ತದೆ, ತುದಿಯದ್ದು ಕುಗ್ಗುತ್ತದೆ. ದುಂಡು ಪೈಪಿನ ಮೇಲೆ ಇನ್ನೂ ಕಷ್ಟ.

ಚಪ್ಪಟೆ ಭಾಗ ಬಿಚ್ಚಿ ಬರುವುದಾದರೆ ಅದನ್ನೇ ಸ್ಕ್ಯಾನರಿನ ಮೇಲಿಡಿ. ಪಕ್ಕದಲ್ಲಿ ಸ್ಕೇಲು ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗಾಜಿಗೆ ಗೀರು ಬೀಳದಂತೆ ಕೆಳಗೆ ಪಾರದರ್ಶಕ ಹಾಳೆ ಹಾಕಿ. ಪೈಪಿಗೆ ಟ್ರೇಸಿಂಗ್ ಪೇಪರ್ ಸುತ್ತಿ ಗಟ್ಟಿ ಪೆನ್ಸಿಲಿನಲ್ಲಿ ಅಚ್ಚು ತೆಗೆದು, ಅದನ್ನು ಬಿಡಿಸಿ ಸ್ಕ್ಯಾನ್ ಮಾಡಿ. ಪೈಪಿನ ಸುತ್ತಳತೆ ಲೆಕ್ಕ ಹಾಕಬಹುದು: ವ್ಯಾಸ 28.6 ಮಿ.ಮೀ. ಇದ್ದರೆ ಸುತ್ತಳತೆ ಹೆಚ್ಚುಕಮ್ಮಿ 90 ಮಿ.ಮೀ. ಒಂದು ಇಂಚಿನ ಪೈಪಾದರೆ 80. ನಾನು ಮಾತ್ರ ಕಾಗದದ ಪಟ್ಟಿ ಸುತ್ತಿ ಗೆರೆ ಎಳೆಯುವವನು. ಬಣ್ಣದ ದಪ್ಪವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ.

ಆ ಸ್ಕ್ಯಾನನ್ನು ಇಂಕ್‌ಸ್ಕೇಪಿನಲ್ಲಿ ಕೆಳಗಿಟ್ಟು ಮೇಲಿನಿಂದ ಗೆರೆ ಎಳೆದುಕೊಳ್ಳಿ. ಉಚಿತ ತಂತ್ರಾಂಶ, ಕಲಿಯಲು ಎರಡು ಭಾನುವಾರ ಬೇಕು. ಅಕ್ಷರಕ್ಕೆ ಹೊಂದುವ ಫಾಂಟ್ ಹುಡುಕುತ್ತಾ ಕೂರಬೇಡಿ. ಹಳೇ ಸೈಕಲ್ಲಿನ ಅಕ್ಷರಗಳು ಕೈಯಲ್ಲಿ ಬರೆದವು, ಎರಡು 'ಇ' ಕೂಡ ಒಂದೇ ಥರ ಇರುವುದಿಲ್ಲ.

ಮೂಲ ಡೆಕಾಲ್ ಪೂರ್ತಿ ಹೋಗಿದೆ. ಯಾವ ಕಂಪೆನಿ ಸೈಕಲ್ ಅಂತಲೇ ಗೊತ್ತಿಲ್ಲ. ಎಂಥ ಮಾಡುದು?

ಸೈಕಲ್ಲಿನ ಮೈಯಲ್ಲೇ ಗುರುತು ಇರುತ್ತದೆ. ಹ್ಯಾಂಡಲಿನ ಕೆಳಗಿನ ಗಿಡ್ಡ ಪೈಪಿನ (ಹೆಡ್ ಟ್ಯೂಬ್) ಲೋಹದ ಬಿಲ್ಲೆ ಬಿದ್ದುಹೋಗಿದ್ದರೂ ಅದರ ಎರಡು ತೂತುಗಳ ಅಂತರ ಒಂದು ಸುಳಿವು. ಪೆಡಲಿನ ದೊಡ್ಡ ಹಲ್ಲುಚಕ್ರ ನೋಡಿ. ಬಿಎಸ್‌ಎಯದ್ದರಲ್ಲಿ ಆ ಮೂರು ಅಕ್ಷರಗಳನ್ನೇ ಕತ್ತರಿಸಿರುತ್ತಾರೆ, ರ‍್ಯಾಲಿಯದ್ದರಲ್ಲಿ ಕೊಕ್ಕರೆಯ ತಲೆ. ಹಿಂದಿನ ಚಕ್ರದ ನಡುವಿನ ಹಬ್ಬು ಸ್ಟರ್ಮಿ ಆರ್ಚರ್ ಕಂಪೆನಿಯದ್ದಾಗಿದ್ದರೆ ಅದರ ಮೇಲೆ ವರ್ಷದ ಕೊನೆಯ ಎರಡು ಅಂಕಿ ಒತ್ತಿರುವುದುಂಟು. ಹಬ್ಬು ಆಮೇಲೆ ಬದಲಾಗಿರಬಹುದು ಅನ್ನುವುದೂ ನೆನಪಿರಲಿ.

ನಮ್ಮ ಕಡೆಯ ಮನೆಗಳಲ್ಲಿ ಸಿಗುವ ರ‍್ಯಾಲಿ ಎಲ್ಲವೂ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದ್ದಲ್ಲ. ಪಶ್ಚಿಮ ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ಇತ್ತು. ಹರ್ಕ್ಯುಲಿಸ್, ಬಿಎಸ್‌ಎ ಎರಡನ್ನೂ ಚೆನ್ನೈಯ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ಮಾಡಿತು, ಅದು ಶುರುವಾದದ್ದು 1949ರಲ್ಲಿ. ಅಟ್ಲಾಸ್ 1951ರಲ್ಲಿ ಸೋನಿಪತ್ತಿನಲ್ಲಿ, ಹೀರೋ 1956ರಲ್ಲಿ ಲುಧಿಯಾನದಲ್ಲಿ. ಒಂದೇ ಹೆಸರಾದರೂ ವಿಲಾಯಿತಿ ಡೆಕಾಲ್ ಬೇರೆ, ದೇಶಿ ಡೆಕಾಲ್ ಬೇರೆ. 'ಮೇಡ್ ಇನ್ ಇಂಗ್ಲೆಂಡ್' ಎಂದು ಅಸನ್ಸೋಲಿನ ಸೈಕಲ್ಲಿಗೆ ಹಾಕಬೇಡಿ.

ಇನ್ನೊಂದು ಉಪಾಯ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪೈಪಿಗೆ ಓರೆಯಾಗಿ ಹಿಡಿಯಿರಿ. ಡೆಕಾಲ್ ಇದ್ದ ಜಾಗದಲ್ಲಿ ಕೆಳಗಿನ ಬಣ್ಣ ಬಿಸಿಲು ಕಂಡಿರುವುದಿಲ್ಲ. ಹೋದ ಅಕ್ಷರದ ನೆರಳು ಎದ್ದು ಬರುತ್ತದೆ. ಒಂದು ಚೈನ್ ಕವರಿನಲ್ಲಿ ನನಗೆ ಹೀಗೆಯೇ 'ಹಂಬರ್' ಎಂಬ ಕಂಪೆನಿಯ ಹೆಸರು ಓದಲು ಸಿಕ್ಕಿತು. ಅಲ್ಲಿವರೆಗೆ ಮನೆಯವರೆಲ್ಲ ಅದನ್ನು ಅಟ್ಲಾಸ್ ಎಂದೇ ಕರೆಯುತ್ತಿದ್ದರು.

ಅಪ್ಪನ ಹೆಸರು ಕನ್ನಡದಲ್ಲಿ ಹಾಕ್ಬೇಕು. ಅಂಗಡಿಯಲ್ಲಿ ಒತ್ತಕ್ಷರ ಎಲ್ಲ ಉದುರಿ ಬಂತು!

ಇದು ತುಂಬ ಜನರಿಗೆ ಆಗಿದೆ. ನಿಮ್ಮ ಕಂಪ್ಯೂಟರಿನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದದ್ದು ಅಂಗಡಿಯ ಹಳೇ ತಂತ್ರಾಂಶಕ್ಕೆ ಅರ್ಥವಾಗುವುದಿಲ್ಲ. ಅಲ್ಲಿ 'ನುಡಿ', 'ಬರಹ' ತಂತ್ರಾಂಶಗಳ ಹಳೇ ಫಾಂಟುಗಳೇ ಇರುತ್ತವೆ. 'ಕೃಷ್ಣಪ್ಪ' ಹೋಗಿ 'ಕೃಷ್‌ಣಪ್‌ಪ' ಆಗಿ ಬರುತ್ತದೆ. ಕಡತ ಕಳಿಸುವ ಮೊದಲು ಇಂಕ್‌ಸ್ಕೇಪಿನಲ್ಲಿ ಅಕ್ಷರವನ್ನು ಗೆರೆಯ ಆಕಾರಕ್ಕೆ ಬದಲಿಸಿ, 'ಆಬ್ಜೆಕ್ಟ್ ಟು ಪಾತ್' ಎಂಬ ಆಯ್ಕೆ ಇದೆ. ಆಮೇಲೆ ಪಿಡಿಎಫ್ ಮಾಡಿ. ಆಗ ಅದು ಅಕ್ಷರವಲ್ಲ, ಚಿತ್ರ. ಯಾವ ಫಾಂಟೂ ಬೇಡ. ಆದರೆ ಆಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ಮೂಲ ಕಡತ ಬೇರೆ ಇಟ್ಟುಕೊಳ್ಳಿ.

ಅಳತೆ ಎಲ್ಲ ಸರಿ ಇತ್ತು. ಪ್ರಿಂಟ್ ಮಾತ್ರ ಚಿಕ್ಕದಾಗಿ ಬಂತು. ಯಾಕೆ?

ಪ್ರಿಂಟ್ ಮಾಡುವಾಗ 'ಫಿಟ್ ಟು ಪೇಜ್' ಒತ್ತಿದ್ದಾರೆ. 'ಆ್ಯಕ್ಚುವಲ್ ಸೈಜ್' ಅಥವಾ 100% ಇರಬೇಕು. ಹಾಳೆಯ ಮೂಲೆಯಲ್ಲಿ 50 ಮಿ.ಮೀ.ಯ ಒಂದು ಗೆರೆ ಹಾಕಿಡಿ. ಮೊದಲು ಸಾದಾ ಕಾಗದದಲ್ಲಿ ತೆಗೆದು ಆ ಗೆರೆ ಅಳೆಯಿರಿ, ಕತ್ತರಿಸಿ ಸೈಕಲ್ಲಿನ ಮೇಲಿಟ್ಟು ನೋಡಿ.

## ಪ್ರಿಂಟ್

ನನ್ನ ಹತ್ರ ಇಂಕ್‌ಜೆಟ್ ಉಂಟು. ಸಾಕಾ, ಲೇಸರೇ ಬೇಕಾ?

ಎರಡೂ ಆಗುತ್ತದೆ, ಕಾಗದ ಮಾತ್ರ ಅದದರದ್ದೇ ಇರಬೇಕು. ಲೇಸರಿನ ಟೋನರ್ ಅಂದರೆ ಪ್ಲಾಸ್ಟಿಕ್ಕಿನ ಹುಡಿ, ನೀರಿಗೆ ಕರಗುವುದಿಲ್ಲ, ಬಿಸಿಲಿಗೂ ಬೇಗ ಮಾಸುವುದಿಲ್ಲ. ಕೆಲಸ ಕಡಿಮೆ. ಇಂಕ್‌ಜೆಟ್ಟಿನ ಬಣ್ಣ ಚೆಂದ, ಆದರೆ ಹೆಚ್ಚಿನ ಶಾಯಿ ನೀರಿನದ್ದು, ಆದ್ದರಿಂದ ಮೇಲೆ ಕ್ಲಿಯರ್ ಹೊಡೆಯಲೇಬೇಕು.

ಲೇಸರ್ ಪ್ರಿಂಟರಿನ ಒಳಗಿನ ಬಿಸಿ ರೋಲರ್ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ನಾನು ಒಮ್ಮೆ ಅರಿವಿಲ್ಲದೆ ಇಂಕ್‌ಜೆಟ್ ಹಾಳೆಯನ್ನು ಒಂದು ಝೆರಾಕ್ಸ್ ಅಂಗಡಿಗೆ ಒಯ್ದು ಕೊಟ್ಟೆ. ಹಾಳೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಪೊರೆ ಕರಗಿ ರೋಲರಿಗೆ ಸುತ್ತಿಕೊಂಡಿತ್ತು. ಅಂಗಡಿಯವರು ಒಳ್ಳೆಯವರು, ರಿಪೇರಿ ದುಡ್ಡು ಮಾತ್ರ ತೆಗೆದುಕೊಂಡರು. ಈಗ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ 'ಲೇ' ಅಥವಾ 'ಇಂ' ಬರೆದೇ ಇಡುತ್ತೇನೆ.

ಲೇಸರಿಗೆ ದಪ್ಪ ಕಾಗದದ ಸೆಟ್ಟಿಂಗ್, ಇಂಕ್‌ಜೆಟ್ಟಿಗೆ ಗ್ಲಾಸಿ ಫೋಟೋ ಸೆಟ್ಟಿಂಗ್. ಒಂದು ಸಲಕ್ಕೆ ಒಂದೇ ಹಾಳೆ, ಕೈಯಿಂದ ಕೊಡಿ.

ಬಬಲ್‌ಗಮ್ಮಿನ ಟ್ಯಾಟೂ ಥರ ಉಲ್ಟಾ ಪ್ರಿಂಟ್ ಮಾಡ್ಬೇಕಾ?

ಬೇಡ. ಟ್ಯಾಟೂ ಮಗುಚಿ ಅಂಟಿಸುವುದು, ಆದ್ದರಿಂದ ಉಲ್ಟಾ. ಇದು ಮುಖ ಮೇಲಾಗಿಯೇ ಜಾರುತ್ತದೆ. ಹೇಗೆ ಓದಬೇಕೋ ಹಾಗೆಯೇ ತೆಗೆಯಿರಿ.

ಕಪ್ಪು ಸೈಕಲ್ಲಿನ ಮೇಲೆ ಹಳದಿ ಅಕ್ಷರ ಕಾಣ್ತಾನೇ ಇಲ್ಲ!

ಮೊದಲ ಸಲ ಎಲ್ಲರಿಗೂ ಆಗುವ ಬೇಜಾರು ಇದು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ. ಕಾಗದದ ಬಿಳಿಯನ್ನೇ ಅದು ಬಿಳಿ ಎಂದು ಬಿಟ್ಟುಬಿಡುತ್ತದೆ. ಪಾರದರ್ಶಕ ಪೊರೆಯ ಮೇಲಿನ ಹಳದಿಯೂ ಬಣ್ಣದ ಗಾಜಿನ ಹಾಗೆ, ಹಿಂದೆ ಬೆಳಕು ಇದ್ದರೆ ಮಾತ್ರ ಕಾಣುತ್ತದೆ. ಕಪ್ಪಿನ ಮೇಲೆ ಇಟ್ಟರೆ ಮಾಯ.

ಬಿಳಿ ಹಾಳೆಯಲ್ಲಿ ತೆಗೆದು ಅಕ್ಷರದ ಅಂಚಿಗೇ ಕತ್ತರಿಸುವುದು ಒಂದು ದಾರಿ. ದಪ್ಪ ಅಕ್ಷರ, ದುಂಡು ಲಾಂಛನಕ್ಕೆ ಸರಿ. ಕತ್ತರಿಸಿದ ಅಂಚಿನಲ್ಲಿ ಬಿಳಿ ನೂಲು ಕಾಣುತ್ತದೆ, ಅದಕ್ಕೆ ಮಾರ್ಕರ್ ಮುಟ್ಟಿಸಿ. ಬಿಳಿ ಹಾಳೆಯಲ್ಲಿ ಸುತ್ತಲೂ ಕಪ್ಪು ಪ್ರಿಂಟ್ ಮಾಡಿ ಹಾಗೇ ಅಂಟಿಸೋಣ ಎಂದು ಹೊರಡಬೇಡಿ. ಪ್ರಿಂಟರಿನ ಕಪ್ಪು ಬೇರೆ, ಬಣ್ಣದ ಕಪ್ಪು ಬೇರೆ. ಬಿಸಿಲಿಗೆ ತಂದರೆ ತೇಪೆ ಹಾಕಿದ ಪ್ಯಾಂಟಿನ ಹಾಗೆ ಕಾಣುತ್ತದೆ.

ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರುಗಳೂ ಇವೆ, ಓಕಿ ಕಂಪೆನಿ ಮಾಡಿದೆ. ಜಪಾನಿನ ಆಲ್ಪ್ಸ್ ಪ್ರಿಂಟರ್ ರಿಬ್ಬನ್ನಿನಿಂದ ಬಿಳಿ, ಚಿನ್ನ, ಬೆಳ್ಳಿ ಎಲ್ಲ ಹಾಕುತ್ತಿತ್ತು. ಅದರ ತಯಾರಿಕೆ ನಿಂತುಹೋಗಿದೆ, ಹಳೆಯದು ಇದ್ದವರು ಬಿಡುವುದಿಲ್ಲ.

ನನಗೆ ಹೆಚ್ಚು ಒಗ್ಗಿದ್ದು ಮದುವೆ ಕಾಗದ ಮಾಡುವವರ ಸ್ಕ್ರೀನ್ ಪ್ರಿಂಟಿಂಗ್. ಅವರ ಬಿಳಿ, ಹಳದಿ ದಪ್ಪವಾಗಿ ಕೂರುತ್ತದೆ, ಹಿಂದಿನದ್ದು ಕಾಣುವುದಿಲ್ಲ. ಡೆಕಾಲ್ ಹಾಳೆ ನೀವೇ ಕೊಡಿ, ನೀರಿನ ಶಾಯಿ ಬೇಡ ಎಂದು ಹೇಳಿ. ಮೊದಲು ಒಂದು ತುಂಡಿನಲ್ಲಿ ನೋಡಿ, ಕೆಲವು ಶಾಯಿ ಪೊರೆಯನ್ನೇ ತಿನ್ನುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಹಾಗಾಗಿ ಒಂದೇ ಸೈಕಲ್ಲಿಗೆ ದುಬಾರಿ. ನಾಲ್ಕು ಜನ ಸೇರಿದರೆ ಅಡ್ಡಿಯಿಲ್ಲ.

ಚಿನ್ನದ ಬಣ್ಣ ಹೇಗೆ? ನನ್ನದು ಸಾಸಿವೆ ಬಣ್ಣ ಬಂತು.

ಮಾಮೂಲಿ ಪ್ರಿಂಟರಿನಿಂದ ಸಾಸಿವೆಯೇ ಬರುವುದು, ಹೊಳಪು ಬರುವುದಿಲ್ಲ. ಲೇಸರಿನಲ್ಲಿ ಕಪ್ಪಾಗಿ ಪ್ರಿಂಟ್ ತೆಗೆದು, ಅದರ ಮೇಲೆ ಟೋನರಿಗೆ ಹಿಡಿಯುವ ಚಿನ್ನದ ಫಾಯಿಲ್ ಇಟ್ಟು, ಲ್ಯಾಮಿನೇಟರಿನಲ್ಲಿ ಹಾಯಿಸಿ. ಬಿಸಿಗೆ ಟೋನರ್ ಮೆತ್ತಗಾಗಿ ಫಾಯಿಲನ್ನು ಹಿಡಿದುಕೊಳ್ಳುತ್ತದೆ. ತಣ್ಣಗಾದ ಮೇಲೆ ಎಳೆದರೆ ಅಕ್ಷರ ಮಾತ್ರ ಚಿನ್ನ. ಫಾಯಿಲ್ ಬೆಳಕು ಬಿಡುವುದಿಲ್ಲವಾದ್ದರಿಂದ ಕಪ್ಪು ಸೈಕಲ್ಲಿಗೂ ಆಗುತ್ತದೆ. ಮಡ್‌ಗಾರ್ಡಿನ ಉದ್ದ ಚಿನ್ನದ ಗೆರೆಗೆ ಮಾತ್ರ ಡೆಕಾಲ್ ಬೇಡ. ಉದ್ದ ಕೂದಲಿನ ಕುಂಚದಲ್ಲಿ ಕೈಯಿಂದಲೇ ಎಳೆಸಿ. ಬೋರ್ಡ್ ಬರೆಯುವ ಹಳೇ ಕಲಾವಿದರು ಸಿಕ್ಕಿದರೆ ಬಿಡಬೇಡಿ.

ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟಿತು. ಕ್ಲಿಯರ್ ಹೊಡೆದಿದ್ದೆನಲ್ಲ?

ಒಂದೇ ಸಲ ದಪ್ಪವಾಗಿ ಹೊಡೆದಿರಬೇಕು, ಅಥವಾ ಶಾಯಿ ಒಣಗುವ ಮೊದಲೇ. ಇಂಕ್‌ಜೆಟ್ ಪ್ರಿಂಟನ್ನು ನಮ್ಮ ಊರಲ್ಲಿ ಒಂದು ರಾತ್ರಿ ಫ್ಯಾನಿನಡಿ ಬಿಡಿ. ಮೊದಲ ಕೋಟು ಮಂಜು ಬಿದ್ದಷ್ಟೇ. ಒಣಗಲಿ. ಹಾಗೆ ಮೂರು ಸಲ, ಡಬ್ಬಿ ಒಂದು ಅಡಿ ದೂರ. ಕತ್ತರಿಸಿದ ಅಂಚಿನಿಂದಲೂ ನೀರು ಒಳಗೆ ಹೋಗುತ್ತದೆ. ಅದಕ್ಕೇ ಬಣ್ಣದಿಂದ ಒಂದೆರಡು ಮಿ.ಮೀ. ಹೊರಗೆ, ಮೂಲೆ ದುಂಡಗೆ ಮಾಡಿ ಕತ್ತರಿಸುವುದು. ಬಿಳಿ ಹಾಳೆಯನ್ನು ಅಂಚಿಗೇ ಕತ್ತರಿಸಿದ್ದರೆ ಆ ಅಂಚಿಗೆ ಕುಂಚದಲ್ಲಿ ಕ್ಲಿಯರ್ ಮುಟ್ಟಿಸಿ ಒಣಗಿಸಿ.

## ಅಂಟಿಸುವುದು

ಅಂಟಿಸುವ ಕ್ರಮ ಒಮ್ಮೆ ಸರಿಯಾಗಿ ಹೇಳಿ.

ಚೈನ್ ಕವರನ್ನೇ ತೆಗೆದುಕೊಳ್ಳೋಣ. ಬಣ್ಣ ಹೊಡೆದು ವಾರ ಆಗಿರಬೇಕು, ಮೇಲ್ಮೈ ಹೊಳೆಯುತ್ತಿರಬೇಕು. ಆಲ್ಕೋಹಾಲಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ನಮ್ಮ ಮನೆಗಳಲ್ಲಿ ಸೈಕಲ್ಲಿಗೆ ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಒರೆಸುವ ಅಭ್ಯಾಸ ಇದೆ. ಆ ಬಟ್ಟೆಯನ್ನು ಇದಕ್ಕೆ ತರಬೇಡಿ. ಡೆಕಾಲ್ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪಿನಲ್ಲಿ ಎರಡು ಗುರುತು ಹಾಕಿ.

ಅಗಲ ಬಟ್ಟಲಿನಲ್ಲಿ ಉಗುರು ಬೆಚ್ಚಗಿನ ನೀರು. ಡೆಕಾಲನ್ನು ಮುಖ ಮೇಲಾಗಿ ಬಿಡಿ. ಬಿಟ್ಟ ಕೂಡಲೇ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹೆದರಿ ಬಿಡಿಸಲು ಹೋಗಬೇಡಿ, ಪೊರೆ ಬಿರಿಯುತ್ತದೆ. ತಾನಾಗಿ ಮೆಲ್ಲ ಬಿಚ್ಚಿಕೊಳ್ಳುತ್ತದೆ. ಮೂವತ್ತು ಸೆಕೆಂಡ್ ಆದ ಮೇಲೆ ಚಿಮಟದಿಂದ ಎತ್ತಿ ಒಂದು ಟೈಲ್ಸ್ ತುಂಡಿನ ಮೇಲಿಡಿ. ನೀರಲ್ಲೇ ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ. ಒಂದು ನಿಮಿಷ ಕಾಯಿರಿ. ಹೆಬ್ಬೆರಳಿಂದ ಅಂಚನ್ನು ಸ್ವಲ್ಪ ತಳ್ಳಿ. ಜಾರಿದರೆ ತಯಾರು, ಇಲ್ಲದಿದ್ದರೆ ಇನ್ನೊಂದು ನಿಮಿಷ.

ಚೈನ್ ಕವರಿನ ಮೇಲೆ ಕುಂಚದಿಂದ ನೀರು ಹಚ್ಚಿ. ಕಾಗದದ ಸಮೇತ ಡೆಕಾಲನ್ನು ಜಾಗದ ಮೇಲೇ ಇಡಿ. ಪೊರೆಯನ್ನು ಒಂದು ಬೆರಳಲ್ಲಿ ಹಿಡಿದು ಅಡಿಯ ಕಾಗದವನ್ನು ಎಳೆಯಿರಿ. ಎಳೆಯುವುದು ಕಾಗದವನ್ನು, ಡೆಕಾಲನ್ನಲ್ಲ. ಈಗ ಅದು ನೀರಿನ ಮೇಲೆ ತೇಲುತ್ತಿದೆ, ಗುರುತಿಗೆ ಸರಿಯಾಗಿ ಸರಿಸಿಕೊಳ್ಳಲು ಒಂದೆರಡು ನಿಮಿಷ ಸಮಯ ಇದೆ. ಫ್ಯಾನ್ ಆಫ್ ಮಾಡಿರಿ. ನನ್ನ ಒಂದು ಡೆಕಾಲ್ ಫ್ಯಾನಿನ ಗಾಳಿಗೆ ಮಡಚಿಕೊಂಡು ತನಗೆ ತಾನೇ ಅಂಟಿಕೊಂಡಿತು. ಬಿಡಿಸಲು ಬರಲೇ ಇಲ್ಲ.

ಜಾಗ ಸರಿಯಾದ ಮೇಲೆ ಬನಿಯನ್ ಬಟ್ಟೆ ಒದ್ದೆ ಮಾಡಿ ಹಿಂಡಿ, ನಡುವಿನಿಂದ ಹೊರಕ್ಕೆ ಒತ್ತಿ. ಉಜ್ಜಬೇಡಿ. ನೀರು, ಗುಳ್ಳೆ ಎಲ್ಲ ಅಂಚಿಗೆ ಬರುತ್ತದೆ. ಒಂದು ದಿನ ಬಿಡಿ. ಮರುದಿನ ಸುತ್ತ ಉಳಿದ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಬಾವಿ ನೀರು ಆಗ್ತದಾ?

ತಿಳಿಯಾಗಿದ್ದರೆ ಆಗುತ್ತದೆ. ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣ ಇರುತ್ತದೆ, ಬಟ್ಟಲಿನ ಅಂಚಿಗೆ ಕೆಂಪು ಗೆರೆ ಬರುತ್ತದಲ್ಲ, ಅದು ಪೊರೆಯ ಅಡಿಯಲ್ಲೂ ಬರುತ್ತದೆ. ಸಂಶಯ ಇದ್ದರೆ ಕುಡಿಯುವ ಫಿಲ್ಟರ್ ನೀರು ಅರ್ಧ ಬಟ್ಟಲು ಸಾಕು.

ಒಣಗಿದ ಮೇಲೆ ಪೊರೆಯ ಅಡಿ ಬೆಳ್ಳಿ ಥರ ಹೊಳೀತಾ ಇದೆ. ನೀರು ಸಿಕ್ಕಿಕೊಂಡಿದ್ದಾ?

ನೀರಲ್ಲ, ಗಾಳಿ. ಬಣ್ಣ ಮಂಕಾಗಿದ್ದರೆ, ಅಂದರೆ ಮೇಲ್ಮೈ ತರಿ ಇದ್ದರೆ, ತರಿಯ ಸಂದಿಯಲ್ಲಿ ಗಾಳಿ ಉಳಿಯುತ್ತದೆ. ಅದಕ್ಕೇ ಡೆಕಾಲಿನ ಮೊದಲು ಮಂಕು ಬಣ್ಣದ ಮೇಲೆ ಒಂದು ಕೋಟು ಹೊಳಪಿನ ಕ್ಲಿಯರ್ ಹೊಡೆಯುವುದು. ಈಗಾಗಲೇ ಆಗಿದ್ದರೆ ಸೂಜಿಯ ಮೊನೆಯಿಂದ ನಾಲ್ಕೈದು ಕಡೆ ಚುಚ್ಚಿ, ವಿನೆಗರ್ ನೀರು ಹಚ್ಚಿ, ಒತ್ತಿ ನೋಡಿ. ಅರ್ಧದಷ್ಟು ಸಲ ಸರಿಯಾಗುತ್ತದೆ.

ಮಡ್‌ಗಾರ್ಡಿನ ಉಬ್ಬಿನ ಮೇಲೆ ಸುಕ್ಕು ಬರ್ತದೆ.

ಪೊರೆ ಒಂದೇ ಕಡೆಗೆ ಬಾಗುತ್ತದೆ, ಎರಡು ಕಡೆಗೆ ಬಾಗಲು ಒಪ್ಪುವುದಿಲ್ಲ. ಬಾಳೆಲೆಯನ್ನು ಚೆಂಡಿಗೆ ಸುತ್ತಿದ ಹಾಗೆ. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಸೇರಿಸಿ ಅಡಿಗೆ ಹಚ್ಚಿದರೆ ಪೊರೆ ಸ್ವಲ್ಪ ಮೆತ್ತಗಾಗಿ ಕೂರುತ್ತದೆ. ಮಾಡೆಲ್ ವಿಮಾನ ಮಾಡುವವರು ಬಳಸುವ ಮೈಕ್ರೋ ಸೆಟ್, ಮೈಕ್ರೋ ಸೋಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊದಲನೆಯದು ಅಡಿಗೆ, ಎರಡನೆಯದು ಮೇಲೆ. ಎರಡನೆಯದು ಹಚ್ಚಿದಾಗ ಪೊರೆ ಮೊದಲು ಸುಕ್ಕಾಗುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆಗ ಮುಟ್ಟಬೇಡಿ. ನಾವು ಹೊಡೆದ ಕ್ಲಿಯರಿಗೆ ಇದು ಹೊಂದುತ್ತದೋ ಇಲ್ಲವೋ ತುಂಡಿನಲ್ಲಿ ನೋಡಿಕೊಳ್ಳಿ. ಎಲ್ಲದಕ್ಕಿಂತ ಸುಲಭದ್ದು: ದೊಡ್ಡ ಡೆಕಾಲನ್ನು ಅಕ್ಷರಗಳ ನಡುವೆ ಎರಡು ಮೂರು ತುಂಡು ಮಾಡಿ ಅಂಟಿಸಿ.

## ಮಳೆಗಾಲ, ಕ್ಲಿಯರ್ ಕೋಟ್

ಮಳೆಗಾಲದಲ್ಲಿ ಮಾಡ್ಬಹುದಾ?

ಅಂಟಿಸಬಹುದು. ಸ್ಪ್ರೇ ಹೊಡೆಯಬೇಡಿ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಳೆ ಬಿಟ್ಟಿತ್ತು, ಸ್ವಲ್ಪ ಬಿಸಿಲೂ ಬಂದಿತ್ತು. ಎರಡು ವಾರ ಕೂತು ಮಾಡಿದ ಚೈನ್ ಕವರಿಗೆ ಜಗಲಿಯಲ್ಲೇ ಕ್ಲಿಯರ್ ಹೊಡೆದೆ. ಕನ್ನಡಿಯ ಹಾಗೆ ಹೊಳೆಯಿತು. ಚಹಾ ಕುಡಿದು ಬಂದು ನೋಡುವಾಗ ಅದರ ಮೇಲೆ ಗಂಜಿ ತಿಳಿ ಚೆಲ್ಲಿದ ಹಾಗೆ ಬಿಳಿ. ಅಕ್ಷರ ಅದರಡಿಯಲ್ಲಿ ಮಸುಕು ಮಸುಕು.

ಆದದ್ದು ಇಷ್ಟೇ. ಕ್ಲಿಯರಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತುಂಬಿಕೊಂಡಿರುವ ನೀರು ತಣ್ಣನೆಯ ಚೊಂಬಿನ ಮೇಲೆ ಹನಿ ಕಟ್ಟುವ ಹಾಗೆ ಅಲ್ಲಿ ಕೂರುತ್ತದೆ, ಒಣಗುತ್ತಿರುವ ಕ್ಲಿಯರಿನೊಳಗೆ ಸಿಕ್ಕಿಬೀಳುತ್ತದೆ. ಮಳೆ ಬರುತ್ತಿದೆಯೋ ಇಲ್ಲವೋ ಅದು ಲೆಕ್ಕವೇ ಅಲ್ಲ, ಗಾಳಿಯ ತೇವ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರು, ಉಡುಪಿಯಲ್ಲಿ ಬಿಸಿಲು ಬಂದರೂ ತೇವ ಇಳಿಯುವುದಿಲ್ಲ.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಹನ್ನೊಂದರಿಂದ ಮೂರರ ಒಳಗೆ ಹೊಡೆಯಿರಿ, ಭಾಗವನ್ನು ಮೊದಲು ಬಿಸಿಲಿಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಹೇರ್ ಡ್ರೈಯರ್, ಬಲ್ಬು ಏನೇ ಬಳಸುವುದಿದ್ದರೂ ಹೊಡೆಯುವ ಮೊದಲೇ ಬಳಸಿ ಆರಿಸಿ. ಹಸಿ ಕ್ಲಿಯರಿನ ಆವಿಗೆ ಬೆಂಕಿ ಹಿಡಿಯುತ್ತದೆ. ಬಿಳಿಯಾದದ್ದನ್ನು ಕೆರೆಯಬೇಡಿ. ಒಣ ದಿನ ನೋಡಿ ಅದರ ಮೇಲೆ ತೆಳುವಾಗಿ ಇನ್ನೊಂದು ಕೋಟು ಹೊಡೆದರೆ ಹೆಚ್ಚಾಗಿ ಕರಗಿ ತಿಳಿಯಾಗುತ್ತದೆ. ನನ್ನದು ನವೆಂಬರಿನಲ್ಲಿ ಸರಿಯಾಯಿತು.

ಮಳೆಗಾಲಕ್ಕೆ ಡಿಸೈನ್ ಕೆಲಸ ಇಟ್ಟುಕೊಳ್ಳಿ.

ಸ್ಪ್ರೇ ಡಬ್ಬಿ ಕ್ಲಿಯರ್ ಸಾಕಾ, ಕಾರಿಗೆ ಹೊಡೆಯುವ 2ಕೆ ಬೇಕಾ?

ಶೋಕಿಗೆ ಇಡುವ ಸೈಕಲ್ಲಿಗೆ ಡಬ್ಬಿ ಸಾಕು. ಓಡಿಸುವುದಾದರೆ 2ಕೆ. ಅದರಲ್ಲಿ ಗಟ್ಟಿ ಮಾಡುವ ಹಾರ್ಡನರ್ ಸೇರುತ್ತದೆ, ಪೆಟ್ರೋಲ್ ತಾಗಿದರೂ ಮೆತ್ತಗಾಗುವುದಿಲ್ಲ. ಆದರೆ ಆ ಹಾರ್ಡನರಿನಲ್ಲಿ ಐಸೋಸಯನೇಟ್ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್, ಕೊರೋನಾ ಕಾಲದ ಮಾಸ್ಕ್ ಯಾವುದೂ ತಡೆಯುವುದಿಲ್ಲ. ಮನೆಯಲ್ಲಿ ಹೊಡೆಯಬೇಡಿ, ಕಾರಿಗೆ ಪೇಂಟ್ ಮಾಡುವ ಬೂತ್ ಇರುವ ಗ್ಯಾರೇಜಿಗೆ ಕೊಡಿ. 'ಮೊದಲ ಎರಡು ಕೋಟು ಮಂಜಿನ ಹಾಗೆ' ಎಂದು ಒತ್ತಿ ಹೇಳಿ. ಒಮ್ಮೆಲೇ ಹಸಿಯಾಗಿ ಹೊಡೆದರೆ ಥಿನ್ನರ್ ಇಳಿದು ಡೆಕಾಲ್ ಬಾಡಿದ ವೀಳ್ಯದೆಲೆಯ ಹಾಗೆ ಮುದುಡುತ್ತದೆ.

ಪೌಡರ್ ಕೋಟ್ ಮಾಡಿಸ್ತಾ ಇದ್ದೇನೆ. ಡೆಕಾಲ್ ಮೊದಲಾ, ಆಮೇಲಾ?

ಆಮೇಲೆ. ಪೌಡರ್ ಕೋಟನ್ನು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ, ಡೆಕಾಲ್ ಉಳಿಯುವುದಿಲ್ಲ. ಮೇಲಿನ ಕ್ಲಿಯರ್ ಕೂಡ ಪೌಡರಿನದ್ದು ಬೇಡ, ಸ್ಪ್ರೇಯದ್ದೇ ಇರಲಿ.

ಡೈನಮೋ, ಪಂಪು, ಕ್ರೋಮ್ ಲೈಟು, ಇದಕ್ಕೆಲ್ಲ ಅಂಟ್ತದಾ?

ಅಂಟುತ್ತದೆ, ನಿಲ್ಲುವುದು ಕಷ್ಟ. ಕ್ರೋಮಿಗೆ ಕ್ಲಿಯರ್ ಸರಿಯಾಗಿ ಹಿಡಿಯುವುದಿಲ್ಲ, ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಅಲ್ಲಿ ಡೆಕಾಲ್ ಮತ್ತು ಅದರ ಅಂಚಿಗೆ ಮಾತ್ರ ಕುಂಚದಲ್ಲಿ ಕ್ಲಿಯರ್ ಮುಟ್ಟಿಸಿ. ಬಣ್ಣ ಹೊಡೆದ ಪಂಪಿಗೆ ತೊಂದರೆಯಿಲ್ಲ. ಬಲ್ಬಿನ ಬಿಸಿ ತಾಗುವ ಜಾಗ ಬಿಡಿ.

ಎಷ್ಟು ವರ್ಷ ಬಾಳ್ತದೆ? ಆಯುಧ ಪೂಜೆಗೆ ಗಂಧ ಕುಂಕುಮ ಹಚ್ಬಹುದಾ?

ನನ್ನ ಮೊದಲನೆಯದು, ಲೇಸರಿನದ್ದು, ಆರನೇ ವರ್ಷದಲ್ಲಿದೆ. ಇಂಕ್‌ಜೆಟ್ಟಿನದ್ದರಲ್ಲಿ ಕೆಂಪು ಮೊದಲು ಮಾಸಿತು. ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಇರುವವರಿಗೆ ಡೆಕಾಲಿಗಿಂತ ಮೊದಲು ಅಡಿಯ ಕಬ್ಬಿಣ ಹೋಗುತ್ತದೆ. ಉಪ್ಪುಗಾಳಿಯ ತುಕ್ಕು ಬಣ್ಣದಡಿಯಿಂದ ಉಬ್ಬಿ ಬರುತ್ತದೆ, ಜೊತೆಗೆ ಅಕ್ಷರವನ್ನೂ ಎತ್ತಿಕೊಂಡು ಬರುತ್ತದೆ. ಬಣ್ಣದ ಮೊದಲು ಹೊಡೆಯುವ ಎಪಾಕ್ಸಿ ಪ್ರೈಮರಿಗೆ ಜಿಪುಣತನ ಮಾಡಬೇಡಿ.

ಪೂಜೆಗೆ ಹ್ಯಾಂಡಲಿಗೆ, ಬೆಲ್ಲಿಗೆ ಹಚ್ಚಿ. ಕುಂಕುಮದ ಬಣ್ಣ ಡಬ್ಬಿ ಕ್ಲಿಯರಿನೊಳಗೆ ಇಳಿದು ಗುಲಾಬಿ ಕಲೆ ಉಳಿಯುತ್ತದೆ. ನಮ್ಮ ಮನೆಯಲ್ಲಿ ಈಗ ಡೆಕಾಲಿನ ಮೇಲೆ ಸೇವಂತಿಗೆ ಹೂ ಇಡುತ್ತೇವೆ, ಎಲ್ಲರಿಗೂ ಸಮಾಧಾನ.

## ಕೈ ಪಳಗಿದವರಿಗೆ

ಡೆಕಾಲ್ ಕಾಗದವನ್ನೇ ಮನೆಯಲ್ಲಿ ಮಾಡ್ಲಿಕ್ಕೆ ಆಗ್ತದಾ?

ಆಗುತ್ತದೆ, ಒಮ್ಮೆ ಮಾಡಿ ನೋಡಿ ಆಮೇಲೆ ಅಂಗಡಿಯದ್ದನ್ನೇ ತರಿಸುತ್ತೀರಿ. ನಯವಾದ ದಪ್ಪ ಕಾಗದಕ್ಕೆ ಗಮ್ ಅರಾಬಿಕ್ ಕರಗಿಸಿ ತೆಳುವಾಗಿ ಹಚ್ಚಿ ಒಣಗಿಸಬೇಕು. ಅದರ ಮೇಲೆ ಕ್ಲಿಯರ್ ಲ್ಯಾಕರ್ ಎರಡು ಮೂರು ಕೋಟು. ಅಂಟು ಒಂದೇ ಸಮ ಕೂರದಿದ್ದರೆ ಅಲ್ಲಲ್ಲಿ ಜಾರುವುದಿಲ್ಲ. ನನ್ನ ನಾಲ್ಕು ಹಾಳೆಗಳಲ್ಲಿ ಜಾರಿದ್ದು ಒಂದು. ಒಣಗಲು ನೇತು ಹಾಕಿದ್ದ ಇನ್ನೊಂದಕ್ಕೆ ಇರುವೆ ಮುತ್ತಿತ್ತು. ಇದನ್ನು ಪ್ರಿಂಟರಿಗೆ ಹಾಕಬೇಡಿ, ಸ್ಕ್ರೀನ್ ಪ್ರಿಂಟಿಗೋ ಕೈಬರಹಕ್ಕೋ ಮಾತ್ರ.

ಮಾಡಿ ಮಾರಬಹುದಾ?

ನಿಮ್ಮ ಸೈಕಲ್ಲಿಗೆ ನೀವು ಹಾಕಿಕೊಳ್ಳುವುದು ಒಂದು, ಕಂಪೆನಿಯ ಲಾಂಛನ ಅಚ್ಚು ಹಾಕಿ ವ್ಯಾಪಾರ ಮಾಡುವುದು ಇನ್ನೊಂದು. ಹಳೇ ಹೆಸರುಗಳಲ್ಲಿ ಹಲವು ಈಗಲೂ ಚಾಲ್ತಿಯಲ್ಲಿವೆ, 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಅವಕ್ಕೆ ಅನ್ವಯಿಸುತ್ತದೆ. ಹಕ್ಕಿರುವವರ ಒಪ್ಪಿಗೆ ಇಲ್ಲದೆ ಮಾರಬೇಡಿ. ಸೈಕಲ್ ಮಾರುವಾಗ ಡೆಕಾಲ್ ಹೊಸದು ಎಂದು ಬಾಯಿಬಿಟ್ಟು ಹೇಳಿ. ನಾನು ಚೈನ್ ಕವರಿನ ಒಳಮೈಯಲ್ಲಿ ಮಾಡಿದ ವರ್ಷ ಬರೆದಿಡುತ್ತೇನೆ.

ನನಗೂ ಒಂದು ಮಾಡಿ ಕೊಡ್ತೀರಾ?

ಮಾರುವುದಿಲ್ಲ, ಜೊತೆಗೆ ಕೂತು ಮಾಡೋಣ. ಡಿಸೆಂಬರ್ ಆದ ಮೇಲೆ ಬನ್ನಿ. ಬರುವಾಗ ಫೋಟೋ ತರಬೇಡಿ, ಚೈನ್ ಕವರೇ ಬಿಚ್ಚಿ ತನ್ನಿ. ಮತ್ತೆ, ತೆಂಗಿನೆಣ್ಣೆ ಇದ್ದರೆ ಒರೆಸಿ ತೆಗೆದು ತನ್ನಿ ಮಾರಾಯ್ರೆ.